ಓದುಗರ ಪ್ರಶ್ನೆ: 1970ರ ಬ್ರೆಜಿಲ್ ತಂಡದಲ್ಲಿ ಜಗಾಲೊ ಮಾಡಿದ್ದಾದರೂ ಏನು?

ಪ್ರಶ್ನೆ: ಮಾರಿಯೊ ಜಗಾಲೊ ನಾಲ್ಕು ಫುಟ್‌ಬಾಲ್ ವಿಶ್ವಕಪ್ ಗೆದ್ದವರು ಎಂದು ಎಲ್ಲರೂ ಬರೆಯುತ್ತಾರೆ. ಆಟಗಾರನಾಗಿದ್ದಾಗ ಜೊತೆಗೆ ಪೆಲೆ, ಗರಿಂಚಾ ಇದ್ದರು. ಕೋಚ್ ಆದಾಗ ಬೇರೆಯವರು ಕಟ್ಟಿದ ತಂಡ ಕೈಗೆ ಬಂತು. ಇದರಲ್ಲಿ ಅವರದೇ ಸಾಧನೆ ಎಷ್ಟು?

ಉತ್ತರ: ವಿಶ್ವಕಪ್ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂತು. ಈ ಸಲ ಸ್ವಲ್ಪ ವಿವರವಾಗಿಯೇ ಬರೆದುಬಿಡುತ್ತೇನೆ.

ಮೊದಲು ಲೆಕ್ಕ. 1958 ಮತ್ತು 1962ರಲ್ಲಿ ಆಟಗಾರ, 1970ರಲ್ಲಿ ಕೋಚ್, 1994ರಲ್ಲಿ ತಾಂತ್ರಿಕ ಸಂಯೋಜಕ. 94ರ ಕೋಚ್ ಕಾರ್ಲೋಸ್ ಆಲ್ಬರ್ಟೊ ಪರೇರಾ. ಆದ್ದರಿಂದ ‘ಕೋಚ್ ಆಗಿ ಎರಡು ಕಪ್’ ಎಂದು ಹಂಚಿಕೊಳ್ಳುವವರು ದಯವಿಟ್ಟು ತಿದ್ದಿಕೊಳ್ಳಿ. ಆಟಗಾರನಾಗಿಯೂ ಕೋಚ್ ಆಗಿಯೂ ಗೆದ್ದ ಮೊದಲಿಗರು ಜಗಾಲೊ. ಆಮೇಲೆ ಬಂದವರು ಬೆಕೆನ್‌ಬಾವರ್ ಮತ್ತು ಡಿಡಿಯೆ ಡೆಶಾಂ. ಜಗಾಲೊ ತೀರಿಕೊಂಡದ್ದು 2024ರ ಜನವರಿ 5ರಂದು. ಎರಡೇ ದಿನಕ್ಕೆ ಬೆಕೆನ್‌ಬಾವರ್ ಕೂಡ ಹೋದರು.

ಇನ್ನು ಆಟಗಾರ ಜಗಾಲೊ. ಎಡಬದಿಯ ವಿಂಗರ್, ಅಂದರೆ ಅಂಚಿನ ಗೆರೆಯುದ್ದಕ್ಕೂ ನುಗ್ಗುವ ಆಟಗಾರ; ಮೊದಲು ಫ್ಲಮೆಂಗೊ, 1958ರಿಂದ ಬೊಟಫೋಗೊ. 58ರಲ್ಲಿ ಆ ಜಾಗಕ್ಕೆ ಮೊದಲ ಆಯ್ಕೆ ಸಾಂಟೋಸ್ ಕ್ಲಬ್ಬಿನ ಪೆಪೆ. ಅವರ ಹೊಡೆತದ ಬಿರುಸಿಗೆ ಜಗಾಲೊ ಸಾಟಿಯೇ ಅಲ್ಲ. ಪೆಪೆಗೆ ಗಾಯವಾಯಿತು, ಜಗಾಲೊ ಒಳಗೆ ಬಂದರು. 62ರಲ್ಲೂ ಹೀಗೇ ಆಯಿತು. ಇಷ್ಟನ್ನೇ ಹಿಡಿದುಕೊಂಡು ‘ಅದೃಷ್ಟವಂತ’ ಎನ್ನುವವರಿದ್ದಾರೆ. ಅವರು ನೋಡದೆ ಬಿಡುವುದು ತಂಡದ ರಚನೆಯನ್ನು. ಆಗಿನ ಬ್ರೆಜಿಲ್ ಆಡುತ್ತಿದ್ದದ್ದು 4-2-4, ಅಂದರೆ ಹಿಂದೆ ನಾಲ್ವರು, ಮುಂದೆ ನಾಲ್ವರು, ನಡುವೆ ಇಬ್ಬರೇ: ಜಿಟೊ ಮತ್ತು ದಿದಿ. ಬಲಬದಿಯಲ್ಲಿ ಗರಿಂಚಾ, ಚೆಂಡು ಕಳೆದುಹೋದರೆ ಆತ ಹಿಂದಕ್ಕೆ ಓಡಿ ಬರುತ್ತಾನೆಂದು ಯಾರೂ ನಂಬಿ ಕೂರುವ ಹಾಗಿರಲಿಲ್ಲ. ಎದುರಾಳಿ ನಡುವೆ ಮೂವರನ್ನು ಇಟ್ಟರೆ ಆ ಇಬ್ಬರೂ ಮುಳುಗಿದಂತೆಯೇ. ಎಡಬದಿಯ ಜಗಾಲೊ ಇಳಿದು ಬಂದು ಮೂರನೆಯವರಾಗಿ ನಿಲ್ಲುತ್ತಿದ್ದರು, ಚೆಂಡು ಸಿಕ್ಕಿದ ಕೂಡಲೇ ಮತ್ತೆ ಗೆರೆಯುದ್ದಕ್ಕೂ ಓಡುತ್ತಿದ್ದರು. ಬ್ರೆಜಿಲಿನವರು ಅವರನ್ನು ಪುಟ್ಟ ಇರುವೆ ಎಂದು ಕರೆದದ್ದು ಇದಕ್ಕೇ. ಕಾಗದದ ಮೇಲಿನ 4-2-4 ಮೈದಾನದಲ್ಲಿ 4-3-3 ಆಗುತ್ತಿದ್ದದ್ದು ಅವರ ಕಾಲಿನಿಂದ. 58ರಲ್ಲಿ ಸ್ವೀಡನ್ ವಿರುದ್ಧದ 5-2ರ ಫೈನಲ್‌ನಲ್ಲಿ ಬ್ರೆಜಿಲ್‌ನ ನಾಲ್ಕನೆಯ ಗೋಲು ಅವರದು, ಪೆಲೆ ತಲೆಯಿಂದ ಹೊಡೆದ ಐದನೆಯದಕ್ಕೆ ಚೆಂಡು ಕೊಟ್ಟವರೂ ಅವರೇ.

ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತದೆ.

ಈಗ ಆ ಹಠಮಾರಿ ಕಥೆ. ‘ಅಡುಗೆ ಮಾಡಿದ್ದು ಜುವಾಂವ್ ಸಲ್ದಾನ್ಯ, ಬಡಿಸಿದ್ದು ಮಾತ್ರ ಜಗಾಲೊ.’ ಕೇಳಲು ಚೆನ್ನಾಗಿದೆ. ಜಗಾಲೊಗೆ ಮೊದಲು ಕೋಚ್ ಆಗಿದ್ದ ಸಲ್ದಾನ್ಯ ಪತ್ರಕರ್ತ, ಕಮ್ಯುನಿಸ್ಟ್, ಮಾತಿಗೆ ಹೆದರದ ಮನುಷ್ಯ. ಬ್ರೆಜಿಲ್‌ನಲ್ಲಿ ಆಗ ಮಿಲಿಟರಿ ಸರ್ಕಾರ. ಅಧ್ಯಕ್ಷ ಮೆಡಿಸಿಗೆ ಡಾರಿಯೊ ಎಂಬ ಫಾರ್ವರ್ಡ್ ಇಷ್ಟ, ಸಲ್ದಾನ್ಯ ಜಗ್ಗಲಿಲ್ಲ, 1970ರ ಮಾರ್ಚ್‌ನಲ್ಲಿ ಕೆಲಸ ಹೋಯಿತು. ಹೀಗೆ ಒಬ್ಬ ನಾಯಕ ಸಿಕ್ಕಿದ ಮೇಲೆ, ಅವನ ಕುರ್ಚಿಗೆ ಬಂದವನು ಏನೂ ಮಾಡಿಲ್ಲ ಎನ್ನುವುದು ಸುಲಭ.

ಸಲ್ದಾನ್ಯಗೆ ಸಲ್ಲಬೇಕಾದದ್ದು ಸಲ್ಲಲಿ. 1969ರ ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ಆರೂ ಗೆಲುವು, ಹೊಡೆದದ್ದು 23 ಗೋಲು, ಬಿಟ್ಟದ್ದು 2. 1966ರ ವಿಶ್ವಕಪ್ ಸೋಲಿನ ಮಂಕು ಬಿಡಿಸಿದವರು ಅವರೇ. ಆದರೆ ಎದುರಾಳಿಗಳು ಕೊಲಂಬಿಯಾ, ವೆನೆಜುವೆಲಾ, ಪರಾಗ್ವೆ. ಮಾರ್ಚ್ ಮೊದಲ ವಾರ ಪೋರ್ಟೊ ಅಲೆಗ್ರೆಯಲ್ಲಿ ಅರ್ಜೆಂಟೀನಾ ಬಂದು 2-0 ಗೆದ್ದುಕೊಂಡು ಹೋಯಿತು. ಸಲ್ದಾನ್ಯ ಹೋದದ್ದು ಬರೀ ರಾಜಕೀಯದಿಂದ ಎನ್ನುವವರು ಈ ಪಂದ್ಯದ ಹೆಸರೇ ಎತ್ತುವುದಿಲ್ಲ.

ಹನ್ನೊಂದು ಹೆಸರುಗಳನ್ನೇ ಎದುರಿಗಿಟ್ಟು ನೋಡೋಣ. ಅರ್ಹತಾ ಸುತ್ತಿನ ಮಾಮೂಲಿ ತಂಡ: ಫೆಲಿಕ್ಸ್, ಕಾರ್ಲೋಸ್ ಆಲ್ಬರ್ಟೊ (ಪರೇರಾ ಅಲ್ಲ, ಅದೇ ಹೆಸರಿನ ಆಟಗಾರ), ಜಾಲ್ಮಾ ಡಿಯಾಸ್, ಜೊಯೆಲ್, ರಿಲ್ಡೊ, ಪಿಯಾಜಾ, ಜೆರ್ಸನ್, ಜೈರ್‌ಜಿನ್ಯೊ, ತೊಸ್ಟಾವ್, ಪೆಲೆ, ಎಡು. 1970ರ ಜೂನ್ 21ರಂದು ಮೆಕ್ಸಿಕೊದ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯನ್ನು 4-1ರಿಂದ ಸೋಲಿಸಿದ ತಂಡ: ಫೆಲಿಕ್ಸ್, ಕಾರ್ಲೋಸ್ ಆಲ್ಬರ್ಟೊ, ಬ್ರಿಟೊ, ಪಿಯಾಜಾ, ಎವೆರಾಲ್ಡೊ, ಕ್ಲೊಡೊವಾಲ್ಡೊ, ಜೆರ್ಸನ್, ಜೈರ್‌ಜಿನ್ಯೊ, ತೊಸ್ಟಾವ್, ಪೆಲೆ, ರಿವೆಲಿನೊ. ನಾಲ್ವರು ಹೊಸಬರು, ಐದನೆಯವರಿಗೆ ಹೊಸ ಜಾಗ. ಕೈಗೆ ಸಿಕ್ಕ ಸಮಯ ಸುಮಾರು ಎರಡೂವರೆ ತಿಂಗಳು.

ಒಂದೊಂದು ಬದಲಾವಣೆಗೂ ಕಾರಣವಿದೆ. ಪಿಯಾಜಾ ಕ್ರುಜೇರೊ ಕ್ಲಬ್ಬಿನಲ್ಲಿ ನಡು ಕಾಯುತ್ತಿದ್ದ ಆಟಗಾರ. ಅವರನ್ನು ಹಿಂದಿನ ಸಾಲಿಗೆ ಎಳೆದರೆ ಚೆಂಡು ಹಿಂದಿನಿಂದಲೇ ಶುದ್ಧವಾಗಿ ಹೊರಡುತ್ತದೆ, ನಡುವಿನ ಜಾಗ ಕ್ಲೊಡೊವಾಲ್ಡೊಗೆ ತೆರವಾಗುತ್ತದೆ. ಬಲಬದಿಯಲ್ಲಿ ಕಾರ್ಲೋಸ್ ಆಲ್ಬರ್ಟೊ ಮುನ್ನುಗ್ಗುವುದರಿಂದ ಎಡಬದಿಯಲ್ಲಿ ಜಾಗ ಬಿಟ್ಟು ಕದಲದವನು ಬೇಕು, ಅದು ಎವೆರಾಲ್ಡೊ. ಎಲ್ಲಕ್ಕಿಂತ ದೊಡ್ಡದು ಎಡು ಹೋಗಿ ರಿವೆಲಿನೊ ಬಂದದ್ದು. ಎಡು ಅಪ್ಪಟ ವಿಂಗರ್. ರಿವೆಲಿನೊ ಕೊರಿಂಥಿಯನ್ಸ್‌ನ ನಡುಪಾಳಯದ ಆಟಗಾರ, ಎಡಬದಿಯಲ್ಲಿ ನಿಂತರೂ ಕಾಲು ತಾನಾಗಿಯೇ ಒಳಕ್ಕೆ ಬರುತ್ತಿತ್ತು. ಚೆಂಡು ಹೋದಾಗ ನಡುವೆ ಮೂರನೆಯವನು, ಸಿಕ್ಕಾಗ ಎಡಗಾಲಿನ ಫಿರಂಗಿ. ಜಗಾಲೊ 58ರಲ್ಲಿ ಮಾಡುತ್ತಿದ್ದ ಕೆಲಸವನ್ನೇ ತನಗಿಂತ ಹೆಚ್ಚು ಪ್ರತಿಭೆಯ ಒಬ್ಬನಿಗೆ ಒಪ್ಪಿಸಿದರು. ಬೇರೆಯವರ ತಂಡವನ್ನು ಇದ್ದ ಹಾಗೆ ಬಡಿಸುವವರು ಇಷ್ಟು ಕೈಹಾಕುವುದಿಲ್ಲ.

‘ಆದರೆ ತೊಸ್ಟಾವ್ ಮತ್ತು ಪೆಲೆ ಒಟ್ಟಿಗೆ ಆಡಲಾರರು ಎಂದು ಜಗಾಲೊಗೆ ಅನುಮಾನವಿತ್ತಲ್ಲ?’ ಇತ್ತು. ಇಬ್ಬರೂ ಒಂದೇ ಜಾಗಕ್ಕೆ ಬರುತ್ತಾರೆಂಬ ಚಿಂತೆ. ಕೊನೆಗೆ ತೊಸ್ಟಾವ್‌ರನ್ನೇ ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಅಲ್ಲಿಂದ ಹಿಂದೆ ಸರಿದು ಎದುರಾಳಿಯ ಸ್ಟಾಪರ್‌ಗಳನ್ನು (ನಡುವಿನ ರಕ್ಷಕರನ್ನು) ಎಳೆದು ಬರುವ ಕೆಲಸ ಕೊಟ್ಟರು. ಪೆಲೆ, ಜೆರ್ಸನ್, ಕಾರ್ಲೋಸ್ ಆಲ್ಬರ್ಟೊ ಕೋಚ್ ಜೊತೆ ಕೂತು ಚರ್ಚಿಸುತ್ತಿದ್ದದ್ದೂ ನಿಜ. ಹಿರಿಯ ಆಟಗಾರರ ಮಾತು ಕೇಳಿಸಿಕೊಂಡರೆ ಕೋಚ್ ಕೆಲಸಕ್ಕೆ ಬಾರದವನು ಎಂದರೆ ಯಾವ ಕೋಚೂ ಉಳಿಯುವುದಿಲ್ಲ. ಡಾರಿಯೊ ವಿಷಯ: ಜಗಾಲೊ 22ರ ಪಟ್ಟಿಗೆ ಸೇರಿಸಿಕೊಂಡರು, ಮೆಕ್ಸಿಕೊದಲ್ಲಿ ಒಂದು ನಿಮಿಷವೂ ಆಡಿಸಲಿಲ್ಲ. ಅಧ್ಯಕ್ಷರಿಗೆ ಇದಕ್ಕಿಂತ ನಯವಾದ ಉತ್ತರ ಬೇಕಿರಲಿಲ್ಲ.

ದೇಹ ಸಿದ್ಧತೆಯ ಬಗ್ಗೆ ಹೆಚ್ಚು ಜನ ಮಾತೇ ಆಡುವುದಿಲ್ಲ. ಗ್ವಾಡಲಹಾರ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ, ಮೆಕ್ಸಿಕೊ ಸಿಟಿ 2,200 ದಾಟುತ್ತದೆ. ಟಿವಿಯವರಿಗಾಗಿ ಇಂಗ್ಲೆಂಡ್ ಪಂದ್ಯವೂ ಫೈನಲ್ಲೂ ನಡುಮಧ್ಯಾಹ್ನದ ಬಿಸಿಲಲ್ಲಿ ನಡೆದವು. ಇಂಥಲ್ಲಿ ತೊಂಬತ್ತು ನಿಮಿಷ ಬೆನ್ನಟ್ಟಿದರೆ ಅರುವತ್ತಕ್ಕೇ ಉಸಿರು ನಿಲ್ಲುತ್ತದೆ. ಹಾಗಾಗಿ ಬ್ರೆಜಿಲ್ ಮೊದಲೇ ಹೋಗಿ ಎತ್ತರದ ಗ್ವಾನಹ್ವಾಟೊದಲ್ಲಿ ಮೈ ಒಗ್ಗಿಸಿಕೊಂಡಿತು. ಪಂದ್ಯದಲ್ಲಿ ಚೆಂಡು ಕಳೆದರೆ ಬೆನ್ನಟ್ಟದೆ ಎಲ್ಲರೂ ಹಿಂದೆ ಸರಿದು ಒತ್ತಾಗಿ ನಿಲ್ಲುತ್ತಿದ್ದರು, ಶಕ್ತಿ ಉಳಿಸುತ್ತಿದ್ದರು. ಫಲ ಅಂಕಿಯಲ್ಲೇ ಇದೆ: ಆರು ಪಂದ್ಯಗಳ 19 ಗೋಲುಗಳಲ್ಲಿ 12 ದ್ವಿತೀಯಾರ್ಧದಲ್ಲಿ ಬಂದವು.

ಫೈನಲ್‌ನ ನಾಲ್ಕನೆಯ ಗೋಲನ್ನು ಇನ್ನೊಮ್ಮೆ ಹಾಕಿ ನೋಡಿ. ಎಲ್ಲರೂ ನೋಡುವುದು ಪೆಲೆಯ ಸಾವಧಾನದ ಪಾಸ್, ಕಾರ್ಲೋಸ್ ಆಲ್ಬರ್ಟೊ ಹೊಡೆತ. ನೀವು ಜೈರ್‌ಜಿನ್ಯೊ ಎಲ್ಲಿದ್ದಾರೆ ನೋಡಿ. ಬಲಬದಿಯ ವಿಂಗರ್ ಎಡಕ್ಕೆ ಹೋಗಿದ್ದಾರೆ. ಅವರನ್ನು ಕಾಯುತ್ತಿದ್ದ ಇಟಲಿಯ ಫಕೆಟ್ಟಿ ಆಳನ್ನೇ ಹಿಂಬಾಲಿಸುವ ಪದ್ಧತಿಯವರು, ಅವರ ಬೆನ್ನಿಗೇ ಹೋದರು. ಬಲಬದಿ ಪೂರ್ತಿ ಖಾಲಿ. ಇದು ಮೊದಲೇ ಲೆಕ್ಕ ಹಾಕಿದ್ದ ಖಾಲಿ ಜಾಗ.

ಜಗಾಲೊ ವಿರುದ್ಧ ವಾದಿಸಲೇಬೇಕೆಂದರೆ ಅವರೇ ಕೋಚ್ ಆಗಿದ್ದ 1974ರ ವಿಶ್ವಕಪ್ ಹಿಡಿಯಿರಿ. ಪೆಲೆ, ತೊಸ್ಟಾವ್, ಜೆರ್ಸನ್ ಇಲ್ಲದ ತಂಡ ಡಾರ್ಟ್‌ಮಂಡ್‌ನಲ್ಲಿ ಡಚ್ಚರಿಗೆ 0-2 ಸೋತು, ಪೋಲೆಂಡ್‌ಗೂ ಸೋತು ನಾಲ್ಕನೆಯದಾಯಿತು. ಹಿಂದೆ ಸರಿದು ಕಾಯುವ ಉಪಾಯ ಮೈಮೇಲೆ ಬಂದು ಒತ್ತುವವರ ಮುಂದೆ ನಡೆಯಲಿಲ್ಲ. ಅವರೇ ಕೋಚ್ ಆಗಿದ್ದ 1998ರ ಫೈನಲ್ ದಿನ ರೊನಾಲ್ಡೊ ಅಸ್ವಸ್ಥರಾದ ಪ್ರಸಂಗವನ್ನು ಇಲ್ಲಿ ಎಳೆದು ತರುವುದಿಲ್ಲ, ಅದಕ್ಕೆ ಬೇರೆಯೇ ಬರಹ ಬೇಕು.

ಯಾರೂ ಕೇಳದ ಪ್ರಶ್ನೆ ಒಂದಿದೆ: ನಡುವಿನ ವರ್ಷಗಳಲ್ಲಿ ಈ ಮನುಷ್ಯ ಎಲ್ಲಿದ್ದರು? ಬಹುಪಾಲು ಕೊಲ್ಲಿ ದೇಶಗಳಲ್ಲಿ. 1976ರಲ್ಲಿ ಕುವೈತ್‌ಗೆ ಗಲ್ಫ್ ಕಪ್ ಗೆಲ್ಲಿಸಿದರು, ಎಂಬತ್ತರ ದಶಕದ ಮೊದಲಲ್ಲಿ ಸೌದಿ ತಂಡ ನೋಡಿಕೊಂಡರು. ದುಬೈ, ಅಬುಧಾಬಿಯಲ್ಲಿರುವ ನಮ್ಮ ಓದುಗರಿಗೆ ಗೊತ್ತಿರಲಿ, ಯುಎಇ ಮೊದಲ ಬಾರಿ ವಿಶ್ವಕಪ್ಪಿಗೆ ಅರ್ಹತೆ ಪಡೆದದ್ದು 1989ರಲ್ಲಿ, ಜಗಾಲೊ ಕೈಯಲ್ಲಿ. ಆದರೆ ಟೂರ್ನಿಗೆ ಮೊದಲೇ ಅವರನ್ನು ಕಳಿಸಿಬಿಟ್ಟರು. 1990ರಲ್ಲಿ ಇಟಲಿಗೆ ತಂಡ ಕರೆದೊಯ್ದವರು ಪರೇರಾ. ಮೂರೂ ಪಂದ್ಯ ಸೋತರು. ಈ ಪರೇರಾ 1970ರಲ್ಲಿ ಜಗಾಲೊ ಬಳಗದ ದೈಹಿಕ ತರಬೇತುದಾರರಲ್ಲೊಬ್ಬರು. ಕುವೈತ್‌ನಲ್ಲೂ ಜಗಾಲೊ ನಂತರ ಬಂದು 1982ರ ವಿಶ್ವಕಪ್ಪಿಗೆ ಆ ದೇಶವನ್ನು ಮುಟ್ಟಿಸಿದವರು ಅವರೇ. 1994ರಲ್ಲಿ ಶಿಷ್ಯ ಕೋಚ್, ಗುರು ಸಂಯೋಜಕ. ಅಮೆರಿಕದಲ್ಲಿ ಇಟಲಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಕಪ್ ತಂದರು. 2006ರಲ್ಲಿ ಅದೇ ಜೋಡಿ ಮತ್ತೆ ಜರ್ಮನಿಗೆ ಹೋಯಿತು, ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಎದುರಾಯಿತು, ಆನ್ರಿ ಹೊಡೆದ ಒಂದೇ ಗೋಲಿಗೆ ಮನೆಗೆ ಬಂದರು.