ದಾನಪತ್ರ ಮಗನಿಗೆ, ಅಮ್ಮ ಆಶ್ರಮಕ್ಕೆ

ಮಂಗಳೂರು ಕಡೆಯ ಕ್ರೈಸ್ತ ವೃದ್ಧಾಶ್ರಮಗಳಲ್ಲಿ ಕಾಣಸಿಗುವ ಪ್ರಕರಣವೊಂದಿದೆ. ಮನೆ, ತೋಟ ಮಗನಿಗೆ ದಾನಪತ್ರವಾಗಿದೆ, ತಾಯಿ ಆಶ್ರಮದಲ್ಲಿದ್ದಾರೆ, ತಿಂಗಳ ಹಣ ನಿಂತಿದೆ. ಸಿಸ್ಟರ್‌ಗಳು ಮೊದಲು ಫಾದರ್‌ಗೆ, ಚರ್ಚಿನ ವಾರ್ಡಿನ ಮುಖಂಡರಾದ ಗುರಿಕಾರರಿಗೆ ಹೇಳುತ್ತಾರೆ. ಹೇಳಲಿ. ಆದರೆ ಸಂಧಾನ ‘ಹೆತ್ತ ಕರುಳು, ಕ್ಷಮಿಸಿಬಿಡಿ’ ಎನ್ನುವಲ್ಲಿಗೆ ಮುಗಿದರೆ ಕ್ಷಮೆ ತಾಯಿಯ ಪಾಲು, ತೋಟ ಮಗನ ಪಾಲು.

2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ (ಎ.ಸಿ.) ನ್ಯಾಯಮಂಡಳಿಗೆ ವಕೀಲರಿಲ್ಲದೆಯೇ ಅರ್ಜಿ ಕೊಡಬಹುದು. ತಾಯಿಗೆ ಸ್ವತಃ ಆಗದಿದ್ದರೆ ನೋಂದಾಯಿತ ಸಂಸ್ಥೆಯೂ ಕೊಡಬಹುದು, ಅವರು ಅಧಿಕಾರ ಕೊಟ್ಟಿದ್ದರೆ ಮಾತ್ರ. ಎಡವುವುದು ಇಲ್ಲಿಯೇ: ಸಿಸ್ಟರ್‌ಗಳ ಮುಖ್ಯಸ್ಥೆ ಮದರ್ ಸುಪೀರಿಯರ್ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ ಅಧಿಕಾರಪತ್ರವಾಗುವುದಿಲ್ಲ. ತಾಯಿಯನ್ನು ಒಬ್ಬರೇ ಕೂರಿಸಿ, ಕೊಂಕಣಿಯೋ ತುಳುವೋ ಅವರ ಮಾತಿನಲ್ಲೇ ಕೇಳಿ. ಬೇಡ ಎಂದರೆ ಅಲ್ಲಿಗೆ ನಿಲ್ಲಿಸಿ. ಬೇಕೆಂದರೆ ಬರೆದದ್ದನ್ನು ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಆಶ್ರಮದ ಸಿಬ್ಬಂದಿಯಲ್ಲದ ಇಬ್ಬರು ಸಾಕ್ಷಿಗಳಿರಲಿ. ಸಂಸ್ಥೆಯ ನೋಂದಣಿ ಪತ್ರದ ಪ್ರತಿಯನ್ನೂ ಲಗತ್ತಿಸಿ.

ಆಸ್ತಿ ಮರಳಿ ಬರುವುದು 23ನೇ ಕಲಮಿನಿಂದ. ಕಾಯ್ದೆ ಜಾರಿಗೆ ಬಂದ ನಂತರದ ದಾನವಾಗಿರಬೇಕು, ನೋಡಿಕೊಳ್ಳುವ ಷರತ್ತೂ ಇರಬೇಕು. ಷರತ್ತು ತೋರಿಸದಿದ್ದರೆ ದಾನ ರದ್ದಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಿತು. ಅಲ್ಲಿ ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟ ವಚನವೂ ಲೆಕ್ಕಕ್ಕೆ ಬಂತು. ಹಾಗಾಗಿ ದಾನಪತ್ರದ ಪ್ರತಿಯಷ್ಟೇ ಸಾಲದು, ಟ್ರಂಕಿನಲ್ಲಿರುವ ಕರಾರು, ಕಾಗದಪತ್ರವನ್ನೆಲ್ಲ ತೆಗೆದು ಓದಿ.

ಜೀವನಾಂಶಕ್ಕೆ ಕಾಯ್ದೆಯಲ್ಲಿರುವ ಮಿತಿ ತಿಂಗಳಿಗೆ 10,000 ರೂಪಾಯಿ. ಮದುವೆಯಾಗದೆ ಉಳಿದ ಹಿರಿಯರಿಗೂ ದಾರಿಯಿದೆ: ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ವಾರಸುದಾರನಾಗುವ ಅಣ್ಣನ ಮಗನನ್ನು ಎದುರುದಾರ ಮಾಡಬಹುದು. ಆದೇಶವಾದ ಮೇಲೂ ಹಣ ಬರದಿದ್ದರೆ, ಬಾಕಿಯಾದ ದಿನದಿಂದ 3 ತಿಂಗಳೊಳಗೆ ವಸೂಲಿಗೆ ಅರ್ಜಿ ಕೊಡಬೇಕು. ‘ಕ್ರಿಸ್ಮಸ್ಸಿಗೆ ಬರುತ್ತಾನಲ್ಲ, ಆಗ ಕೇಳೋಣ’ ಎಂದು ಕೂತರೆ ಆ ಕಂತಿಗೆ ವಾರಂಟ್ ಹೊರಡುವುದಿಲ್ಲ.

ಹಣ ತಾಯಿಯ ಖಾತೆಗೇ ಬೀಳಲಿ, ಆಶ್ರಮದ ಖಾತೆಗಲ್ಲ. ತಾಯಿಯ ಉಯಿಲಿನಲ್ಲಿ ಆಶ್ರಮಕ್ಕೂ ಪಾಲಿದ್ದರೆ ಸಿಸ್ಟರ್‌ಗಳು ಹಿಂದೆ ಸರಿದು, ಅರ್ಜಿಯ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಬೇಕು. ಮಗ ಎತ್ತುವ ಮೊದಲ ಆಕ್ಷೇಪವೇ ಅದು.