ಲೋಕಲ್ ಗಾಡಿಯೋ, ಲೈನ್ ಲಾರಿಯೋ: ಕೈಗೆ ಉಳಿಯೋದು ಯಾವುದರಲ್ಲಿ?

ಪ್ರಶ್ನೆ: ನಾನು ಕುಶಾಲನಗರದ ಕಡೆಯವನು. ಪಿಕಪ್ ಓಡಿಸುತ್ತಿದ್ದೇನೆ. ದೂರದ ಊರುಗಳಿಗೆ ಲೋಡ್ ಹೊಡೆಯುವ ಲೈನ್ ಲಾರಿಗೆ ಹೋದರೆ ದುಡ್ಡು ಜಾಸ್ತಿ ಅಂತಾರೆ. ಹೋಗಬಹುದಾ?

ಹೋಗಬಹುದು. ಆದರೆ ಸಂಬಳ ಎಷ್ಟು ಅಂತ ಕೇಳುವ ಮೊದಲು, ಕಾಯುವ ದಿನಕ್ಕೆ ಏನು ಕೊಡ್ತೀರಿ ಅಂತ ಓನರ್‌ನ ಕೇಳಿ.

ಟ್ರಿಪ್‌ಗೆ 1,500 ರೂಪಾಯಿ ಬಾಟಾ (ಭತ್ಯೆ) ಅಂದರು ಅಂತಿಟ್ಟುಕೊಳ್ಳಿ. ಮಂಗಳೂರಿಗೆ ಹೋಗಿ ಒಂದೇ ದಿನದಲ್ಲಿ ಲೋಡ್ ಇಳಿಸಿ ಬಂದರೆ ಒಳ್ಳೆ ಕಾಸು. ಗೋದಾಮಿನ ಮುಂದೆ ಸಾಲು ನಿಂತು ಟ್ರಿಪ್ ಮೂರು ದಿನಕ್ಕೆ ಎಳೆದರೆ ದಿನಕ್ಕೆ 500 ಬಿತ್ತು. ಅದರಲ್ಲೇ ಊಟ, ಸ್ನಾನ, ಟೀ. ಕಾಯುವ ದಿನಕ್ಕೆ ಹಾಲ್ಟಿಂಗ್ ದುಡ್ಡು ಬೇರೆ ಕೊಡದಿದ್ದರೆ ಪಿಕಪ್ಪೇ ವಾಸಿ.

ನಮ್ಮ ಕೊಡಗು ಜಿಲ್ಲೆಗೆ ರೈಲಿಲ್ಲ. ಕಾಫಿ, ಮೆಣಸು, ಮರ ಹೊರಗೆ ಹೋಗೋಕೂ ಸಿಮೆಂಟು, ಗೊಬ್ಬರ ಒಳಗೆ ಬರೋಕೂ ಲಾರಿಯೇ ಗತಿ. ಹಾಗಂತ ವರ್ಷವಿಡೀ ಒಂದೇ ಸಮ ಕೆಲಸ ಇರಲ್ಲ. ಕಾಫಿ ಕೊಯ್ಲಿನ ಸಮಯದಲ್ಲಿ ನಿದ್ದೆಗೂ ಬಿಡುವಿಲ್ಲ. ಮಳೆ ಜೋರಾದರೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುತ್ತದೆ. 2018ರ ಆಗಸ್ಟ್‌ನಲ್ಲಂತೂ ಮಡಿಕೇರಿ-ಸಂಪಾಜೆ ರಸ್ತೆಯೇ ಕುಸಿದು ಸಂಚಾರ ನಿಂತಿತ್ತು. ಬರೀ ಟ್ರಿಪ್ ಲೆಕ್ಕದಲ್ಲಿ ದುಡಿಯುವವರಿಗೆ ಆ ದಿನಗಳ ದುಡಿಮೆ ಸೊನ್ನೆ. ಮಳೆಗಾಲದಲ್ಲೂ ಇಷ್ಟು ಅಂತ ಖಾಯಂ ಸಂಬಳ ಮಾತಾಡಿಕೊಳ್ಳಿ.

ಇನ್ನೊಂದು, ಡೀಸೆಲ್ ಲೆಕ್ಕ. ಲೀಟರಿಗೆ ಇಷ್ಟು ಕಿಲೋಮೀಟರ್ ಬರಲೇಬೇಕು, ಕಮ್ಮಿ ಬಂದರೆ ಬಾಟಾದಲ್ಲಿ ಮುರೀತೀನಿ ಅನ್ನುವ ಓನರ್‌ಗಳಿದ್ದಾರೆ. ಮೈಸೂರು ಕಡೆಯ ಬಯಲಲ್ಲಿ ಬರುವ ಮೈಲೇಜು ಲೋಡ್ ಹೊತ್ತು ಸಂಪಾಜೆ ಘಾಟಿ ಹತ್ತುವಾಗ ಬರುತ್ತಾ? ಆಗ ಡೀಸೆಲ್ ಉಳಿಸೋಕೆ ಡ್ರೈವರ್ ಇಳಿಜಾರಿನಲ್ಲಿ ಗಾಡಿಯನ್ನ ನ್ಯೂಟ್ರಲ್‌ಗೆ ಬಿಡುತ್ತಾನೆ. ಇಂಜಿನ್ನಿನ ಹಿಡಿತ ಹೋಗಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಕಾದು ವಾಸನೆ ಬರೋಕೆ ಶುರುವಾಗುತ್ತದೆ, ಮುಂದಿನ ತಿರುವಿನಲ್ಲಿ ಬ್ರೇಕ್ ಹಿಡಿಯುತ್ತೋ ಇಲ್ಲವೋ ದೇವರೇ ಬಲ್ಲ. ಘಾಟಿಗೆ ಬೇರೆ ಮೈಲೇಜು ಒಪ್ಪದವರ ಗಾಡಿ ಹತ್ತಬೇಡಿ ಅಂತಲೇ ನಾನು ಹೇಳೋದು.

ಓವರ್‌ಲೋಡ್ ಕೂಡ ಹಾಗೇ. 2019ರ ತಿದ್ದುಪಡಿ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಅದನ್ನು ಯಾರು ಕಟ್ಟೋದು ಅಂತ ಮೊದಲೇ ಮಾತಾಗಲಿ. ತೂಕದ ಚೀಟಿಯ ಫೋಟೋ ನಿಮ್ಮ ಫೋನಲ್ಲಿರಲಿ.

ಕೆಲಸದ ಗಂಟೆಗೆ ಕಾನೂನು ಇಲ್ಲವೇ? ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48, ಹೆಚ್ಚು ದುಡಿದರೆ ದುಪ್ಪಟ್ಟು ಕೂಲಿ ಅಂತಿತ್ತು. ಆದರೆ ಐದು ಜನಕ್ಕಿಂತ ಕಮ್ಮಿ ಕೆಲಸಗಾರರಿರುವ ಕಡೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡವರ ಹತ್ತಿರ ದುಡಿಯುವವರು ಹೊರಗೇ ಉಳಿದರು. 2025ರ ನವೆಂಬರ್‌ನಲ್ಲಿ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಆ ಕಾಯ್ದೆ ಸೇರಿಹೋಗಿದೆ. ದಿನಕ್ಕೆ 8 ಗಂಟೆ, ದುಪ್ಪಟ್ಟು ಕೂಲಿ ಅಲ್ಲೂ ಇದೆ, ಸಣ್ಣ ಓನರ್‌ಗಳ ಕಥೆ ಮಾತ್ರ ಹಾಗೇ ಇದೆ.

ಗಾಡಿ ಹೊಸದಾದರೆ ಒಂದು ಲಾಭ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಚಳಿ ಊರಿನವನಿಗೆ ಎಸಿ ಯಾಕೆ ಅಂತ ನಗಬೇಡಿ, ಮಂಗಳೂರಿನ ಸೆಕೆಯಲ್ಲಿ ಹಗಲು ಮಲಗಿ ನೋಡಿ.

ಲೈಸೆನ್ಸ್ ವಿಷಯ: ಒಟ್ಟು ತೂಕ 7,500 ಕೆಜಿ ಒಳಗಿನ ಗಾಡಿಯನ್ನ ಎಲ್‌ಎಂವಿ (ಲಘು ವಾಹನ) ಲೈಸೆನ್ಸಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹತ್ತು ಚಕ್ರದ ಲಾರಿಗೆ ಹೆವಿ ಲೈಸೆನ್ಸ್ ಬೇಕೇ ಬೇಕು. ಈ ಕೊಯ್ಲು ಮುಗಿಯುವವರೆಗೆ ಪಿಕಪ್ಪಲ್ಲೇ ಇದ್ದು ಅದನ್ನ ಮಾಡಿಸಿಕೊಳ್ಳಿ. ರಾತ್ರಿ ಮನೆಗೆ ಬರುವ ಕೆಲಸವನ್ನ ಸುಮ್ನೆ ಬಿಡಬೇಡಿ. ಜೊತೆಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 5 ಲಕ್ಷ ಪರಿಹಾರ ಸಿಗುವ ವ್ಯವಸ್ಥೆ ಅಲ್ಲಿದೆ. ಪಿಕಪ್ ಓಡಿಸುವವರಿಗೂ ಅದು ಸಿಗುತ್ತದೆ.