ಡಾಕ್ಟರ್ ಹೋದ ಮೇಲೆ ಬಂದವರು: ‘ದಿ ಅವೆಂಜರ್ಸ್’ ಅಭಿಮಾನಿಗಳ ಮುಗಿಯದ ಜಗಳ

ಅವೆಂಜರ್ಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಐರನ್ ಮ್ಯಾನ್, ಥಾರ್, ಹಲ್ಕ್. ಬ್ರಿಟನ್ನಿನ ಹಳೇ ತಲೆಮಾರಿಗೆ ಹಾಗಲ್ಲ. ಅವರಿಗೆ ನೆನಪಾಗುವುದು ಬೌಲರ್ ಟೋಪಿ ಹಾಕಿಕೊಂಡು, ಮಡಚಿದ ಕೊಡೆ ಹಿಡಿದು ಓಡಾಡುವ ಗೂಢಚಾರ ಜಾನ್ ಸ್ಟೀಡ್. ಅವನ ಜೊತೆಗೆ, ಹೊಡೆದಾಟದಲ್ಲಿ ಅವನಿಗೇನೂ ಕಡಿಮೆಯಿಲ್ಲದ ಒಬ್ಬ ಹೆಂಗಸು. ಈ ನೆನಪು ಎಷ್ಟು ಗಟ್ಟಿ ಅಂದರೆ, 2012ರಲ್ಲಿ ಮಾರ್ವೆಲ್ ಸಿನಿಮಾ ಅಲ್ಲಿ ತೆರೆ ಕಂಡಾಗ ಅದಕ್ಕೆ ‘ಮಾರ್ವೆಲ್ ಅವೆಂಜರ್ಸ್ ಅಸೆಂಬಲ್’ ಅಂತ ಬೇರೆ ಹೆಸರಿಟ್ಟರು. ಹಳೇ ಟಿವಿ ಸರಣಿ ಜೊತೆ ಗೊಂದಲ ಆಗಬಾರದು ಅಂತ.

ಆ ಸರಣಿ ನಡೆದದ್ದು 1961ರಿಂದ 1969ರವರೆಗೆ. ಒಟ್ಟು 161 ಕಂತು. ಅದರ ಅಭಿಮಾನಿಗಳು ಈಗಲೂ ಇದ್ದಾರೆ, ಈಗಲೂ ಜಗಳ ಆಡುತ್ತಾರೆ. ಜಗಳ ಜಾಸ್ತಿ ಸುತ್ತುವುದು ಮೊದಲ ಕೆಲವು ವರ್ಷಗಳ ಸುತ್ತ. ಸ್ಟೀಡ್ ಜೊತೆಗಾರರಾಗಿ ಯಾರ್ಯಾರೋ ಬಂದರು, ಹೋದರು. ಅದು ಸರಣಿಯನ್ನು ಉಳಿಸಿತೋ, ಬೇರೆಯದೇ ಏನೋ ಮಾಡಿಟ್ಟಿತೋ?

ಇದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಶುರುವಿನಲ್ಲಿ ಇದು ಸ್ಟೀಡ್‌ನ ಸರಣಿಯೇ ಅಲ್ಲ.

ಎಬಿಸಿ ಅನ್ನೋದು ಇಂಗ್ಲೆಂಡಿನ ಮಧ್ಯ ಮತ್ತು ಉತ್ತರ ಭಾಗಗಳಿಗೆ ವಾರಾಂತ್ಯದಲ್ಲಿ ಕಾರ್ಯಕ್ರಮ ಕೊಡುತ್ತಿದ್ದ ಕಂಪನಿ. ಐಟಿವಿ ಜಾಲದ ಭಾಗ. 1960ರಲ್ಲಿ ಅದು ‘ಪೊಲೀಸ್ ಸರ್ಜನ್’ ಅಂತ ಒಂದು ಸರಣಿ ಮಾಡಿತು. ಸರಣಿ ಹೆಚ್ಚು ದಿನ ಬಾಳಲಿಲ್ಲ. ಆದರೆ ಅದರಲ್ಲಿ ಡಾಕ್ಟರ್ ಪಾತ್ರ ಮಾಡಿದ್ದ ಇಯಾನ್ ಹೆಂಡ್ರಿ ಜನರಿಗೆ ಹಿಡಿಸಿದರು. ಕಂಪನಿಯ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್‌ಗೆ ಈ ನಟನನ್ನು ಬಿಡಲು ಮನಸ್ಸಿರಲಿಲ್ಲ. ಹೆಂಡ್ರಿಗಾಗಿಯೇ ಇನ್ನೊಂದು ಸರಣಿ ಹೊಸೆದರು. ಪಾತ್ರ ಮತ್ತೆ ಡಾಕ್ಟರೇ, ಹೆಸರು ಮಾತ್ರ ಡೇವಿಡ್ ಕೀಲ್. ನಿರ್ಮಾಪಕ ಲಿಯೊನಾರ್ಡ್ ವೈಟ್.

ಮೊದಲ ಕಂತು ‘ಹಾಟ್ ಸ್ನೋ’ ಬಂದದ್ದು 1961ರ ಜನವರಿ 7ರಂದು. ಹೆರಾಯಿನ್ ತುಂಬಿದ ಒಂದು ಪೊಟ್ಟಣ ತಪ್ಪಿ ಕೀಲ್ ಕೆಲಸ ಮಾಡುವ ಕ್ಲಿನಿಕ್ಕಿಗೆ ಬರುತ್ತದೆ. ಅವನು ಮದುವೆಯಾಗಬೇಕಿದ್ದ ಪೆಗ್ಗಿ ಅಲ್ಲಿಯೇ ಕೆಲಸಕ್ಕಿರುವವಳು. ಪೊಟ್ಟಣ ತಂದವನ ಮುಖ ನೋಡಿಬಿಟ್ಟಿರುತ್ತಾಳೆ. ಇಬ್ಬರೂ ಉಂಗುರ ಕೊಳ್ಳಲು ಹೊರಟಾಗ ಬೀದಿಯಲ್ಲೇ ಅವಳಿಗೆ ಗುಂಡು ಹೊಡೆಯುತ್ತಾರೆ. ಕೀಲ್ ಸೇಡಿಗೆ ಇಳಿಯುತ್ತಾನೆ. ಸ್ಟೀಡ್ ಅನ್ನೋ ನಿಗೂಢ ಮನುಷ್ಯ ಅವನ ಬೆನ್ನಿಗೆ ನಿಲ್ಲುತ್ತಾನೆ. (ಪೆಗ್ಗಿಯಾಗಿ ನಟಿಸಿದ ಕ್ಯಾಥರೀನ್ ವುಡ್‌ವಿಲ್ ಮುಂದೆ ಸ್ಟೀಡ್ ಪಾತ್ರಧಾರಿ ಪ್ಯಾಟ್ರಿಕ್ ಮ್ಯಾಕ್ನೀಯನ್ನೇ ಮದುವೆಯಾದರು. ಅಭಿಮಾನಿಗಳು ಬಾಯಿಪಾಠ ಮಾಡಿಕೊಂಡಿರುವ ಸಂಗತಿ ಇದು.)

ಹೆಸರಿನ ಪಟ್ಟಿಯಲ್ಲಿ ಹೆಂಡ್ರಿ ಮೊದಲು, ಮ್ಯಾಕ್ನೀ ಆಮೇಲೆ. ‘ಗರ್ಲ್ ಆನ್ ದಿ ಟ್ರಪೀಜ್’ ಅನ್ನೋ ಕಂತಿನಲ್ಲಂತೂ ಸ್ಟೀಡ್ ಇಲ್ಲವೇ ಇಲ್ಲ. ಕೀಲ್ ಮತ್ತು ಅವನ ಕ್ಲಿನಿಕ್ಕಿನ ನರ್ಸ್ ಕ್ಯಾರಲ್ ಸೇರಿ ಇಡೀ ಕಥೆ ನಡೆಸುತ್ತಾರೆ. ಕೀಲ್ ಬೆಂಬಲಿಗರು ಮೊದಲು ಎಸೆಯುವ ಪುರಾವೆ ಇದೇ: ನೋಡಿ, ನಿಮ್ಮ ಸ್ಟೀಡ್ ಇಲ್ಲದೆಯೂ ಇದು ನಡೆಯುತ್ತಿತ್ತು.

ಆಗ ಬಂತು ಮುಷ್ಕರ. ನಟರ ಸಂಘ ಈಕ್ವಿಟಿ ಸಂಬಳದ ವಿಚಾರಕ್ಕೆ ಐಟಿವಿ ಕಂಪನಿಗಳ ಜೊತೆ ಜಗಳಕ್ಕೆ ನಿಂತಿತು. 1961ರ ನವೆಂಬರ್‌ನಲ್ಲಿ ಶುರುವಾದದ್ದು ಮುಗಿಯುವ ಹೊತ್ತಿಗೆ 1962ರ ವಸಂತ. ಸ್ಟುಡಿಯೋ ಖಾಲಿ. 26 ಕಂತಿಗೆ ಮೊದಲ ಸೀಸನ್ ನಿಂತಿತು. ಇಷ್ಟು ತಿಂಗಳು ಹೆಂಡ್ರಿ ಸುಮ್ನೆ ಕೂರುತ್ತಾರೆಯೇ? ಸಿನಿಮಾ ಕಡೆ ಹೋದರು. ಮರಳಿ ಬರಲೇ ಇಲ್ಲ.

ಯಾರಿಗಾಗಿ ಸರಣಿ ಮಾಡಿದ್ದರೋ ಅವರೇ ಹೋದರು. ನಮ್ಮ ಧಾರಾವಾಹಿಯಾಗಿದ್ದರೆ ‘ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು’ ಅಂತ ತೋರಿಸಿ ಹೊಸ ಮುಖವನ್ನು ಅದೇ ಪಾತ್ರಕ್ಕೆ ಕೂರಿಸುತ್ತಿದ್ದರು, ಅಲ್ವಾ? ಇವರು ಹಾಗೆ ಮಾಡಲಿಲ್ಲ. ಹಾಗಂತ ಏನು ಮಾಡಬೇಕು ಅಂತ ಗೊತ್ತಿದ್ದ ಹಾಗೂ ಕಾಣುವುದಿಲ್ಲ. ಎರಡನೇ ಸೀಸನ್‌ಗೆ ಒಬ್ಬರ ಬದಲು ಮೂವರನ್ನು ತಂದರು. ಕೀಲ್‌ಗೆ ಅಂತ ಬರೆದಿಟ್ಟಿದ್ದ ಕಥೆಗಳನ್ನು ಡಾ. ಮಾರ್ಟಿನ್ ಕಿಂಗ್ ಅನ್ನೋ ಇನ್ನೊಬ್ಬ ಡಾಕ್ಟರಿಗೆ ಕೊಟ್ಟರು. ಜಾನ್ ರೊಲಾಸನ್ ಈ ಪಾತ್ರ ಮಾಡಿದ್ದು ಮೂರೇ ಕಂತು. ವೀನಸ್ ಸ್ಮಿತ್ ಅನ್ನೋ ನೈಟ್‌ಕ್ಲಬ್ ಹಾಡುಗಾರ್ತಿ ಆರು ಕಂತಿಗೆ ಬಂದಳು. ಆ ಪಾತ್ರ ಜೂಲಿ ಸ್ಟೀವನ್ಸ್ ಅವರದ್ದು. ಉಳಿದ 17 ಕಂತು ಹಾನರ್ ಬ್ಲ್ಯಾಕ್‌ಮನ್ ನಟಿಸಿದ ಕ್ಯಾಥಿ ಗೇಲ್‌ಗೆ.

ಕಿಂಗ್ ಬಗ್ಗೆ ಜಗಳ ಕಡಿಮೆ. ಹೆಂಡ್ರಿಯ ಅಂಗಿ ಹಾಕಿಕೊಂಡು ಬಂದವನಂತೆ ಕಾಣುತ್ತಾನೆ, ಅಷ್ಟೆ. ವೀನಸ್ ಬಗ್ಗೆ ಮಾತ್ರ ಅಭಿಮಾನಿಗಳು ಇಬ್ಭಾಗ. ಕಥೆ ನಿಲ್ಲಿಸಿ ಹಾಡು ಯಾಕೆ ಅಂತ ಒಂದು ಕಡೆಯವರ ಗೊಣಗಾಟ. ಇನ್ನೊಂದು ಕಡೆಯವರು ಹೇಳುವುದನ್ನು ನಾನೂ ಒಪ್ಪುತ್ತೇನೆ. ಸ್ಟೀಡ್ ಒಳಗೊಳಗೆ ಎಂಥ ಆಸಾಮಿ ಅನ್ನೋದು ಗೊತ್ತಾಗುವುದು ವೀನಸ್ ಕಂತುಗಳಲ್ಲೇ. ಅವಳಿಗೆ ಏನನ್ನೂ ಸರಿಯಾಗಿ ಹೇಳದೆ ಅಪಾಯದ ಜಾಗಕ್ಕೆ ತಳ್ಳುತ್ತಾನೆ. ನಗುನಗುತ್ತಲೇ ಕೆಲಸ ಮಾಡಿಸಿಕೊಳ್ಳುತ್ತಾನೆ. ಕ್ಯಾಥಿ ಗೇಲ್ ಆಗಿದ್ದರೆ ಮುಖಕ್ಕೇ ಕೇಳುತ್ತಿದ್ದಳು. ಕೇಳುತ್ತಾಳೆ ಕೂಡ. ಆ ಸೀಸನ್‌ನಲ್ಲಿ ಅವರಿಬ್ಬರ ನಡುವೆ ಸಲಿಗೆಗಿಂತ ಜಗಳವೇ ಜಾಸ್ತಿ.

ಮಿಸೆಸ್ ಗೇಲ್ ಮಾನವಶಾಸ್ತ್ರ ಓದಿದವಳು. ಗಂಡ ಕೀನ್ಯಾದಲ್ಲಿ ಸತ್ತಿದ್ದಾನೆ. ಬಂದೂಕು ಗೊತ್ತು, ಜೂಡೋ ಗೊತ್ತು. 1962ರ ಬ್ರಿಟಿಷ್ ಟಿವಿಯಲ್ಲಿ ಇಂಥ ಹೆಣ್ಣು ಪಾತ್ರ ಇರಲಿಲ್ಲ. ಈ ಪಾತ್ರ ಹುಟ್ಟಿದ್ದು ಹೇಗೆ ಅನ್ನೋದು ಅಭಿಮಾನಿಗಳ ಅತಿ ಹಳೆಯ ವಾದ. ಜನಪ್ರಿಯ ಕಥೆ ಹೀಗಿದೆ: ಗಂಡಸಿಗೆ ಬರೆದ ಮಾತುಗಳನ್ನೇ ಒಂದಕ್ಷರ ಬದಲಿಸದೆ ಹೆಂಗಸಿನ ಬಾಯಿಗೆ ಹಾಕಿದರು, ಅದರಿಂದಲೇ ಕ್ಯಾಥಿ ಗೇಲ್ ಅಷ್ಟು ಗಟ್ಟಿಗಿತ್ತಿಯಾದಳು. ಬ್ಲ್ಯಾಕ್‌ಮನ್ ಕೂಡ ಸಂದರ್ಶನಗಳಲ್ಲಿ ಇದನ್ನು ಹೇಳುತ್ತಿದ್ದರು. ಕೇಳಲು ಚೆನ್ನಾಗಿದೆ. ಆದರೆ ಪೂರ್ತಿ ಹೊಂದುವುದಿಲ್ಲ. ಕೀಲ್‌ಗೆ ಬರೆದ ಕಥೆಗಳು ಕಿಂಗ್ ಪಾಲಾದವಲ್ಲ? ಗೇಲ್ ಕಂತುಗಳನ್ನು ನೋಡಿದರೆ ಅವಳ ಓದು, ಅವಳ ಸಿಟ್ಟು, ಸ್ಟೀಡ್‌ನ ರೀತಿನೀತಿ ಕಂಡರೆ ಅವಳಿಗಾಗುವ ಅಸಹ್ಯ ಎಲ್ಲ ಅವಳದ್ದೇ. ಮೊದಲ ಕೆಲವು ಸ್ಕ್ರಿಪ್ಟುಗಳಲ್ಲಿ ಗಂಡಸಿನ ಮಾತಿನ ಧಾಟಿ ಉಳಿದಿರಬಹುದು. ಅದಷ್ಟೇ ಸಾಕಿದ್ದರೆ ಯಾವ ನಟಿಯನ್ನು ಹಾಕಿದರೂ ಕ್ಯಾಥಿ ಗೇಲ್ ಆಗಿಬಿಡುತ್ತಿದ್ದಳು.

ಚರ್ಮದ ಉಡುಪು ಬಂದದ್ದೂ ಹೀಗೇ ಕೆಲಸದ ಒತ್ತಡದಲ್ಲಿ. ಟೆಡ್ಡಿಂಗ್ಟನ್ ಸ್ಟುಡಿಯೋದಲ್ಲಿ ಚಿತ್ರೀಕರಣ ಹೆಚ್ಚುಕಡಿಮೆ ನೇರ ಪ್ರಸಾರದ ಹಾಗೆ ನಡೆಯುತ್ತಿತ್ತು. ನಡುವೆ ನಿಲ್ಲಿಸಿ ಮತ್ತೆ ತೆಗೆಯುವುದು ದುಬಾರಿ. ಯಾರಾದರೂ ಮಾತು ಮರೆತರೆ, ಕ್ಯಾಮೆರಾ ಯಾವುದಕ್ಕಾದರೂ ತಗುಲಿದರೆ, ಅದೂ ಹಾಗೇ ಟೇಪಿಗೆ ಹೋಗುತ್ತಿತ್ತು. ಇಂಥ ಕಡೆ ಹೊಡೆದಾಟದ ನಡುವೆ ಬ್ಲ್ಯಾಕ್‌ಮನ್ ಹಾಕಿದ ಪ್ಯಾಂಟು ಹರಿಯಿತು. ಚರ್ಮದ್ದಾದರೆ ಹರಿಯುವುದಿಲ್ಲ ಅಂತ ಅದಕ್ಕೆ ಹೋದರು. ಚರ್ಮದ ಪ್ಯಾಂಟಿಗೆ ಎತ್ತರದ ಬೂಟೇ ಹೊಂದುವುದು. ದೇಶಕ್ಕೇ ಫ್ಯಾಷನ್ ಆಯಿತು. ಹೊಡೆದಾಟಗಳೂ ಹುಡುಗಾಟ ಆಗಿರಲಿಲ್ಲ. 1964ರ ‘ಮ್ಯಾಂಡ್ರೇಕ್’ ಕಂತಿನಲ್ಲಿ ಸ್ಮಶಾನದ ದೃಶ್ಯವಿದೆ. ಅವರೆದುರು ನಿಂತದ್ದು ವೃತ್ತಿಪರ ಕುಸ್ತಿಪಟು ಜಾಕಿ ಪ್ಯಾಲೊ. ತೋಡಿದ ಗುಂಡಿಗೆ ಬಿದ್ದ ಪ್ಯಾಲೊ ನಿಜಕ್ಕೂ ಪ್ರಜ್ಞೆ ತಪ್ಪಿದರು. ಮರುದಿನದ ಪತ್ರಿಕೆಗಳಿಗೆ ಹಬ್ಬ.

ಇನ್ನೊಂದು ತಕರಾರು ಪ್ರಸಾರದ ಕ್ರಮದ್ದು. ಬ್ಲ್ಯಾಕ್‌ಮನ್ ಮೊದಲು ಚಿತ್ರೀಕರಿಸಿದ ಕಂತು ‘ಡೆತ್ ಡಿಸ್ಪ್ಯಾಚ್’. ಅದು ತೆರೆಗೆ ಬಂದದ್ದು 1962ರ ಡಿಸೆಂಬರ್‌ನಲ್ಲಿ, ಎರಡನೇ ಸೀಸನ್ ಅರ್ಧ ಕಳೆದ ಮೇಲೆ. ಎಲ್ಲರಿಗಿಂತ ಮೊದಲು ಚಿತ್ರೀಕರಣವಾದ ಕಿಂಗ್ ಕಂತುಗಳನ್ನು ಗೇಲ್ ಕಂತುಗಳ ನಡುನಡುವೆ ಚೆಲ್ಲಿದರು. ಹೀಗಾಗಿ ಆಗಿನ ವೀಕ್ಷಕನಿಗೆ ಕಂಡದ್ದು ಒಂದು ವಾರ ಮಿಸೆಸ್ ಗೇಲ್, ಇನ್ನೊಂದು ವಾರ ಯಾರೋ ಡಾಕ್ಟರ್, ಮತ್ತೊಂದು ವಾರ ಹಾಡುಗಾರ್ತಿ. ಈಗ ಮೊದಲಿಂದ ನೋಡುವವರು ಚಿತ್ರೀಕರಣದ ಕ್ರಮದಲ್ಲಿ ನೋಡಬೇಕೋ, ಪ್ರಸಾರದ ಕ್ರಮದಲ್ಲೋ ಅಂತ ಕೇಳಿದರೆ ಒಂದು ಸಂಜೆ ಪೂರ್ತಿ ಮಾತಾಡಬಹುದು. ನನ್ನ ಕೇಳಿದರೆ ಚಿತ್ರೀಕರಣದ ಕ್ರಮ. ಕೀಲ್ ಜಾಗದಿಂದ ಗೇಲ್ ಕಡೆಗೆ ಸರಣಿ ತಡವರಿಸುತ್ತಾ ಹೋದದ್ದು ಹಾಗೆ ನೋಡಿದರೇ ಗೊತ್ತಾಗುವುದು.

1963ರ ಮೂರನೇ ಸೀಸನ್ ಬರುವ ಹೊತ್ತಿಗೆ ತಡವರಿಕೆ ಮುಗಿದಿತ್ತು. 26 ಕಂತೂ ಸ್ಟೀಡ್ ಮತ್ತು ಗೇಲ್. ಅಷ್ಟರಲ್ಲಿ ನ್ಯೂಮನ್ ಬಿಬಿಸಿಗೆ ಹೋಗಿ ‘ಡಾಕ್ಟರ್ ಹೂ’ ಶುರು ಮಾಡುತ್ತಿದ್ದರು. ನಟ ಬದಲಾಗುವುದನ್ನೇ ಕಥೆಯ ಭಾಗ ಮಾಡಿಕೊಂಡ ಸರಣಿ ಅದು!

ಬ್ಲ್ಯಾಕ್‌ಮನ್ 1964ರಲ್ಲಿ ಹೊರಟದ್ದು ಬಾಂಡ್ ಸಿನಿಮಾ ‘ಗೋಲ್ಡ್‌ಫಿಂಗರ್’ಗೆ. ಆ ಕಥೆಯ ದರೋಡೆ ನಡೆಯುವುದು ಫೋರ್ಟ್ ನಾಕ್ಸ್‌ನಲ್ಲಿ. ಮುಂದಿನ ಸೀಸನ್‌ನ ಕ್ರಿಸ್ಮಸ್ ಕಂತಿನಲ್ಲಿ ಸ್ಟೀಡ್‌ಗೆ ಮಿಸೆಸ್ ಗೇಲ್ ಕಳಿಸಿದ ಕಾರ್ಡು ಬರುತ್ತದೆ. ಎಲ್ಲಿಂದ ಅಂತ ನೋಡಿದರೆ ಫೋರ್ಟ್ ನಾಕ್ಸ್. ಅಲ್ಲಿ ಅವಳಿಗೇನು ಕೆಲಸ ಅಂತ ಅವನಿಗೆ ಆಶ್ಚರ್ಯ.

ಆ ಸೀಸನ್‌ನಿಂದ ಸರಣಿ ಟೇಪು ಬಿಟ್ಟು ಫಿಲ್ಮಿಗೆ ಹೋಯಿತು. ಹೊಸ ಪಾತ್ರ ಎಮ್ಮಾ ಪೀಲ್. ಆದರೆ ಅದಕ್ಕೆ ಮೊದಲು ಆರಿಸಿದ್ದು ಡಯಾನಾ ರಿಗ್ ಅವರನ್ನಲ್ಲ, ಎಲಿಜಬೆತ್ ಶೆಫರ್ಡ್ ಅವರನ್ನು. ಒಂದು ಕಂತು ಪೂರ್ತಿ, ಇನ್ನೊಂದು ಸ್ವಲ್ಪ ಚಿತ್ರೀಕರಣ ಆದಮೇಲೆ ಅವರನ್ನು ಬಿಟ್ಟರು. ರಿಗ್ ಬಂದ ಮೇಲೆ ಮತ್ತೆ ಮೊದಲಿಂದ ತೆಗೆದರು. ಶೆಫರ್ಡ್ ನಟಿಸಿದ ಆ ಫಿಲ್ಮು ಸಾರ್ವಜನಿಕರ ಕಣ್ಣಿಗೆ ಬಿದ್ದೇ ಇಲ್ಲ. ಹಾಗಾಗಿ ಅವರು ಹೇಗೆ ಮಾಡಿದ್ದರು ಅನ್ನೋ ಚರ್ಚೆ ಗಾಳಿಯಲ್ಲೇ ನಡೆಯುತ್ತದೆ.

ರಿಗ್ ಬಗ್ಗೆ ಹೇಳಬೇಕಾದ್ದು ಕಡಿಮೆ. ಎಲ್ಲರಿಗೂ ಗೊತ್ತು. ‘ಗೇಮ್ ಆಫ್ ಥ್ರೋನ್ಸ್’ ನೋಡಿದವರಿಗೆ ಆ ಹರಿತ ನಾಲಿಗೆಯ ಅಜ್ಜಿಯಾಗಿ ಗೊತ್ತು. ಅಪ್ಪ ರೈಲ್ವೆ ಕೆಲಸದಲ್ಲಿದ್ದುದರಿಂದ ಬಾಲ್ಯ ಕಳೆದದ್ದು ರಾಜಸ್ಥಾನದ ಬಿಕಾನೇರ್‌ನಲ್ಲಿ. 1966ರಲ್ಲಿ ಅಮೆರಿಕದ ಟಿವಿ ಈ ಸರಣಿ ಕೊಂಡುಕೊಂಡಿತು. ಅಲ್ಲಿನವರಿಗೆ ಸರಣಿ ಶುರುವಾಗುವುದೇ ಎಮ್ಮಾ ಪೀಲ್‌ನಿಂದ. ಕ್ಯಾಥಿ ಗೇಲ್ ಕಂತುಗಳು ಅಲ್ಲಿ ತಲುಪಿದ್ದು 1990ರ ದಶಕದಲ್ಲಿ. ಗೇಲ್ ಮೇಲೋ ಪೀಲ್ ಮೇಲೋ ಅನ್ನೋ ವಾದದ ಬೇರು ಇಲ್ಲೇ ಇದೆ. ಯಾರು ಯಾವುದನ್ನು ಮೊದಲು ನೋಡಿದರೋ ಅದೇ ಅವರ ಅವೆಂಜರ್ಸ್. 1968ರಲ್ಲಿ ರಿಗ್ ಹೋಗಿ ಲಿಂಡಾ ಥಾರ್ಸನ್ ಬಂದಾಗ, ಮೆಟ್ಟಿಲಿಳಿಯುವ ಪೀಲ್ ಮೆಟ್ಟಿಲು ಹತ್ತುವ ಟಾರಾ ಕಿಂಗ್‌ಗೆ ಒಂದು ಮಾತು ಹೇಳಿಹೋಗುತ್ತಾಳೆ: ಸ್ಟೀಡ್‌ಗೆ ಟೀ ಎಡಕ್ಕೆ ತಿರುಗಿಸಿ ಕಲಕಿದರೇ ಇಷ್ಟ. ಕೀಲ್‌ಗೂ ಗೇಲ್‌ಗೂ ತೆರೆಯ ಮೇಲೆ ಇಂಥ ಬೀಳ್ಕೊಡುಗೆ ಸಿಗಲಿಲ್ಲ.

ಇಷ್ಟೆಲ್ಲ ಜಗಳದಲ್ಲಿ ಒಬ್ಬರ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಬದಲಾಗದೇ ಉಳಿದ ಮ್ಯಾಕ್ನೀ. ನನ್ನ ಲೆಕ್ಕದಲ್ಲಿ ಅತಿ ದೊಡ್ಡ ಬದಲಾವಣೆ ಅವರದ್ದೇ. ಮೊದಲ ಸೀಸನ್‌ನ ಸ್ಟೀಡ್ ಮಳೆಕೋಟು ಹಾಕಿ ಸಿಗರೇಟು ಸೇದುತ್ತಾ ಮೂಲೆಯಲ್ಲಿ ನಿಲ್ಲುವ, ಪೂರ್ತಿ ನಂಬಲಾಗದ ಮನುಷ್ಯ. ಎಮ್ಮಾ ಪೀಲ್ ಕಾಲದ ಸ್ಟೀಡ್ ಹೂವು ಸಿಕ್ಕಿಸಿಕೊಂಡು ಶಾಂಪೇನ್ ಸುರಿಯುವ ಜಂಟಲ್‌ಮನ್. ಈ ಠೀವಿಯನ್ನು ಮ್ಯಾಕ್ನೀ ಕುದುರೆ ತರಬೇತಿ ಮಾಡುತ್ತಿದ್ದ ತಮ್ಮ ತಂದೆಯಿಂದ ಕಲಿತರಂತೆ. ಕೀಲ್ ಅನ್ನೋ ಒಳ್ಳೆಯವನು ಪಕ್ಕದಲ್ಲಿದ್ದಾಗ ಸ್ಟೀಡ್ ಕೆಟ್ಟವನಂತೆ ಕಾಣಬಹುದಿತ್ತು. ಕೀಲ್ ಹೋದ ಮೇಲೆ ಮುಂದೆ ನಿಲ್ಲಬೇಕಾಯಿತು. ಜನ ಇಷ್ಟಪಡುವ ಹಾಗೆ ಇರಬೇಕಾಯಿತು. ಗೇಲ್ ಬೈದು ಬೈದು ಅವನನ್ನು ಅರ್ಧ ತಿದ್ದಿದಳು ಅನ್ನಬಹುದು.

ಆ ಹಳೇ ಸ್ಟೀಡ್‌ನನ್ನು ನೋಡೋಣ ಅಂದರೆ ಸುಲಭವಿಲ್ಲ. ಮೊದಲ ಸೀಸನ್‌ನ 26 ಕಂತುಗಳಲ್ಲಿ ಪೂರ್ತಿ ಉಳಿದಿರುವುದು ಮೂರು. ಆಗಿನ ಕಾಲದಲ್ಲಿ ಟೇಪು ದುಬಾರಿ, ಒರೆಸಿ ಮತ್ತೆ ಬಳಸುತ್ತಿದ್ದರು. ‘ಗರ್ಲ್ ಆನ್ ದಿ ಟ್ರಪೀಜ್’ ಸಿಕ್ಕಿದ್ದು 2001ರಲ್ಲಿ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ. ‘ಟನಲ್ ಆಫ್ ಫಿಯರ್’ ಸಿಕ್ಕಿದ್ದು 2016ರಲ್ಲಿ. ‘ಹಾಟ್ ಸ್ನೋ’ದಲ್ಲಿ ಉಳಿದಿರುವುದು ಮೊದಲ ಭಾಗ ಮಾತ್ರ. ಆ ಭಾಗದಲ್ಲಿ ಸ್ಟೀಡ್ ಇನ್ನೂ ಬಂದೇ ಇರುವುದಿಲ್ಲ! ಹೆಂಡ್ರಿ ದೊಡ್ಡವರೋ, ಆಮೇಲೆ ಬಂದವರೋ ಅಂತ ತೀರ್ಪು ಕೊಡುವವರು ಹೆಚ್ಚಾಗಿ ಉಳಿದ ಸ್ಕ್ರಿಪ್ಟು, ಫೋಟೋ ನೋಡಿಯೇ ಮಾತಾಡುತ್ತಿರುತ್ತಾರೆ.

ಹೆಂಡ್ರಿ ಒಮ್ಮೆ ವಾಪಸ್ ಬಂದರು. 1976ರ ‘ದಿ ನ್ಯೂ ಅವೆಂಜರ್ಸ್’ನಲ್ಲಿ, ನೆನಪು ಕಳೆದುಕೊಂಡಿದ್ದ ಗನ್ನರ್ ಅನ್ನೋ ಹಳೇ ಗೂಢಚಾರನಾಗಿ. ಕೀಲ್ ಆಗಿ ಯಾಕೆ ತರಲಿಲ್ಲ ಅಂತ ಅಭಿಮಾನಿಗಳಿಗೆ ಇಂದಿಗೂ ಸಿಟ್ಟಿದೆ. 2014ರಿಂದ ಬಿಗ್ ಫಿನಿಶ್ ಅನ್ನೋ ಕಂಪನಿ ಕಳೆದುಹೋದ ಕಂತುಗಳನ್ನು ಆಡಿಯೋ ನಾಟಕಗಳಾಗಿ ಮಾಡಿತು. ಕೀಲ್ ಆಗಿ ಆಂಟನಿ ಹೋವೆಲ್, ಸ್ಟೀಡ್ ಆಗಿ ಜೂಲಿಯನ್ ವಾಡಮ್. ಸ್ಟೀಡ್ ದನಿ ಸರಿಯಾಗಿದೆಯೋ ಇಲ್ಲವೋ ಅನ್ನೋದು ಈಗ ಪಟ್ಟಿಗೆ ಸೇರಿದ ಹೊಸ ಜಗಳ.